ಜುಟ್ಟಿನ ಹಕ್ಕಿಯ ಕಾವಲು

ಗೆಜೆಟ್ ಬರುವ ದಿನ ಲಲ್ಲಾ ತಾಮು ಕಚೇರಿಗೆ ಬಂದವರೇ ಮೊದಲು ಕಣ್ಣು ತೊಳೆದುಕೊಳ್ಳುತ್ತಿದ್ದರು. ಗುಲಾಬಿ ನೀರಿನಲ್ಲಿ ಅದ್ದಿದ ಹತ್ತಿಯನ್ನು ಎರಡು ರೆಪ್ಪೆಗಳ ಮೇಲೂ ಇಟ್ಟುಕೊಂಡು, ಕುರ್ಚಿಗೆ ತಲೆಯಾನಿಸಿ, ಸ್ವಲ್ಪ ಹೊತ್ತು ಅಲ್ಲಾಡದೆ ಕೂರುತ್ತಿದ್ದರು. ಕೆಳಗೆ ಗೋದಾಮಿನಲ್ಲಿ ಹಮಾಲರು ಚಹಾ ಪೆಟ್ಟಿಗೆ ಇಳಿಸುವ ಸದ್ದು, ದರ್ಬ್ ಓಮರ್ ಬೀದಿಯಲ್ಲಿ ಕೈಗಾಡಿಯವರ ಬೈಗುಳ. ಅವರಿಗೆ ಅದಾವುದೂ ಕೇಳಿಸುತ್ತಿರಲಿಲ್ಲ. ಹತ್ತಿ ತೆಗೆದು ಕೈ ಚಾಚಿ, "ಕೊಡು ಮಗಳೇ" ಎನ್ನುತ್ತಿದ್ದರು. ನಾನು ಗೆಜೆಟ್ ಕೊಡುತ್ತಿದ್ದೆ.

ಟ್ರೇಡ್‌ಮಾರ್ಕ್ ನೋಂದಣಿಗಾಗಿ ಬಂದ ಹೊಸ ಗುರುತುಗಳನ್ನೆಲ್ಲ ಸರ್ಕಾರ ಹದಿನೈದು ದಿನಕ್ಕೊಮ್ಮೆ ಅಚ್ಚು ಹಾಕಿಸುತ್ತದೆ. ಯಾರಿಗಾದರೂ ತಕರಾರಿದ್ದರೆ ಎರಡು ತಿಂಗಳೊಳಗೆ ಹೇಳಬೇಕು. ಆಮೇಲೆ ಆ ಗುರುತು ಅರ್ಜಿ ಹಾಕಿದವನದೇ ಆಗಿಬಿಡುತ್ತದೆ, ಅದು ನಿಮ್ಮ ಗುರುತಿನ ಒಡಹುಟ್ಟಿನಂತಿದ್ದರೂ ಸರಿ. ದೊಡ್ಡ ಕಂಪನಿಗಳು ಈ ಕಾವಲಿಗೆ ವಕೀಲರನ್ನು ಇಟ್ಟುಕೊಳ್ಳುತ್ತವೆ. ನಮ್ಮದು ಸಿ ಬುಶ್ತಾ ಅವರ ಚಹಾ ಮಂಡಿ; ಗೌರವಕ್ಕೆ ನಾವು ಗಂಡಸರಿಗೆ ಸಿ, ಹೆಂಗಸರಿಗೆ ಲಲ್ಲಾ ಎನ್ನುತ್ತೇವೆ. ಚೀನಾದಿಂದ ಹಸಿರು ಚಹಾ ತರಿಸಿ, ಹಸಿರು ಪೊಟ್ಟಣದಲ್ಲಿ ತುಂಬಿ, ಕಾಸಾಬ್ಲಾಂಕಾದಿಂದ ಸಹಾರಾದ ಅಂಚಿನವರೆಗೆ ಕಳಿಸುವ ಮಂಡಿ. ಪೊಟ್ಟಣದ ಮೇಲೆ ಮುಳುಗುವ ಕೆಂಪು ಸೂರ್ಯ, ಅದರ ಮುಂದೆ ಬಾಗಿದ ಕೊಂಬೆಯ ಮೇಲೆ ಜುಟ್ಟು ಬಿಚ್ಚಿ ಕೂತ ಚಂದ್ರಮುಕುಟ ಹಕ್ಕಿ. ಕೆಳಗೆ ಕಂಪನಿಯ ಹೆಸರು ಇದೆ, ಆದರೆ ಅದನ್ನು ಓದುವವರು ಯಾರೂ ಇಲ್ಲ. ಹೆಂಗಸರು ಅಂಗಡಿಗೆ ಹೋಗಿ "ಜುಟ್ಟಿನ ಹಕ್ಕಿ ಕೊಡು" ಎನ್ನುತ್ತಾರೆ. ಅಷ್ಟೂ ಹೇಳಲಾಗದ ಮುದುಕಿಯರು ಖಾಲಿ ಪೊಟ್ಟಣದಿಂದ ಹಕ್ಕಿಯನ್ನು ಕತ್ತರಿಸಿಟ್ಟುಕೊಂಡು, ಅದನ್ನೇ ಅಂಗಡಿಯವನ ಮುಂದೆ ಹಿಡಿಯುತ್ತಾರೆ.

ಆ ಹಕ್ಕಿಗೆ ಮೂವತ್ತೊಂದು ವರ್ಷದಿಂದ ಒಬ್ಬರೇ ಕಾವಲು. ಅವರಿಗೂ ಸರಿಯಾಗಿ ಓದಲು ಬರುತ್ತಿರಲಿಲ್ಲ.

ನಾನು ಕಾನೂನು ಓದಿ, ಆ ಮಂಡಿಯಲ್ಲಿ ಕಾಗದಪತ್ರ ಬರೆಯುವ ಕೆಲಸಕ್ಕೆ ಸೇರಿದಾಗ ನನಗೆ ಇದು ನಗೆಪಾಟಲಾಗಿ ಕಂಡಿತ್ತು. ಅವರು ಗೆಜೆಟ್‌ನ ಹೊಲಿಗೆ ಬಿಚ್ಚಿ, ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಕಟ್ಟಿದ್ದ ಹಗ್ಗದ ಮೇಲೆ ಹಾಳೆಗಳನ್ನು ಬಟ್ಟೆಯ ಕ್ಲಿಪ್ ಹಾಕಿ ತೂಗುಬಿಡುತ್ತಿದ್ದರು. ಒಗೆದ ಕರವಸ್ತ್ರಗಳಂತೆ ಐವತ್ತು ಅರವತ್ತು ಹಾಳೆ. ಆಮೇಲೆ ಬಾಗಿಲ ಬಳಿ ನಿಂತು, ನನ್ನಿಂದ ಪರದೆ ಎಳೆಸಿ, ಅರೆಗತ್ತಲಲ್ಲಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಇದು ಅಂಗಡಿ ಕತ್ತಲು" ಎನ್ನುತ್ತಿದ್ದರು. ಒಂದೊಂದು ಹಾಳೆಯನ್ನು ತಲೆಕೆಳಗು ಮಾಡಿ ನೋಡುತ್ತಿದ್ದರು. ಕೆಲವನ್ನು ಹಿಂಭಾಗದಿಂದ, ಬೆಳಕಿಗೆ ಹಿಡಿದು.

ಮೊದಲ ವಾರವೇ ನಾನು ಕೇಳಿಬಿಟ್ಟಿದ್ದೆ. "ಲಲ್ಲಾ, ಹತ್ತಿರದಿಂದ ನೋಡಿದ್ರೆ ಇನ್ನೂ ಚೆನ್ನಾಗಿ ಕಾಣಲ್ವಾ?"

"ಹತ್ತಿರದಿಂದ ನೋಡಿದ್ರೆ ಎಲ್ಲಾ ಬೇರೆ ಬೇರೆ ಥರಾನೇ ಕಾಣುತ್ತೆ ಇತಿಮಾದ್. ನಿನ್ನ ವಕೀಲರು ಹತ್ತಿರದಿಂದಲೇ ನೋಡ್ತಾರೆ. ಅಂಗಡೀಲಿ ಯಾರು ಹಾಗೆ ನೋಡ್ತಾರೆ ಹೇಳು."

ನನಗೆ ಸಮಾಧಾನವಾಗಿರಲಿಲ್ಲ. ಒಂದು ಮಧ್ಯಾಹ್ನ, ಪರೀಕ್ಷೆ ಮಾಡುವ ಕೆಟ್ಟ ಚಪಲದಿಂದ, ಹಳೆಯ ಪೊಟ್ಟಣಗಳ ರಾಶಿಯಿಂದ ಮೂರು ತುಂಡು ಕತ್ತರಿಸಿ ಅವರ ಮೇಜಿನ ಮೇಲಿಟ್ಟೆ. ಉಗುರಿನಷ್ಟು ಅಗಲದ ಬರಿಯ ಕೆಂಪು ತುಂಡುಗಳು. ಅವರು ಮೊದಲನೆಯದನ್ನು ಎತ್ತಿ, "ಇದು ನಮ್ಮ ಹಳೇ ಅಚ್ಚಿನವನದು, ಅವನು ಸತ್ತು ಎಂಟು ವರ್ಷ ಆಯ್ತು" ಎಂದರು. ಎರಡನೆಯದು, "ರಂಜಾನ್‌ಗೆ ಮುಂಚೆ ಅವಸರದಲ್ಲಿ ಹಾಕಿದ್ದು, ಕೆಂಪು ಒಣಗೋಕೆ ಮುಂಚೆ ಮಡಿಚಿಬಿಟ್ಟಿದ್ರು." ಮೂರನೆಯದನ್ನು ಬಹಳ ಹೊತ್ತು ಬೆರಳಲ್ಲಿ ತಿರುಗಿಸಿ ನನ್ನ ಕಡೆ ನೋಡಿದರು. "ಇದು ನಮ್ಮದಲ್ಲ. ಬಿಸ್ಕತ್ತಿನ ಡಬ್ಬದ್ದು. ಆ ಡಬ್ಬ ನಿನ್ನ ಚೀಲದಲ್ಲೇ ಇದೆ ಅಂತ ಕಾಣುತ್ತೆ. ಒಂದು ಕೊಡು, ಹಸಿವಾಗಿದೆ."

ಅಂದಿನಿಂದ ನಾನು ನಗುವುದನ್ನು ಬಿಟ್ಟೆ. ಬೆರಗು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಆ ಕಣ್ಣು ಎಲ್ಲಿಂದ ಬಂತೆಂದು ಅವರು ಒಂದೇ ಒಂದು ಸಲ ಹೇಳಿದ್ದರು. ಹಳೆಯ ಊರಿನಲ್ಲಿ ಅವರ ತಂದೆಯದು ಬೀದಿಯ ಒಲೆ. ನಮ್ಮಲ್ಲಿ ಮನೆಯಲ್ಲಿ ಹಿಟ್ಟು ನಾದಿ, ರೊಟ್ಟಿ ತಟ್ಟಿ, ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಒಲೆಗೆ ಕಳಿಸುತ್ತಾರಲ್ಲ, ಹಾಗೆ ದಿನಕ್ಕೆ ನಾನೂರು ರೊಟ್ಟಿ ಬರುತ್ತಿದ್ದವು. ಒಂದೊಂದು ಮನೆಗೆ ಒಂದೊಂದು ಗುರುತು. ಒಬ್ಬರು ಮೂರು ಕಡೆ ಚುಚ್ಚುತ್ತಿದ್ದರು, ಒಬ್ಬರು ಮರದ ಅಚ್ಚು ಒತ್ತುತ್ತಿದ್ದರು, ಹಾಜ್ಜಾ ಖನಾತಾ ಎಂಬುವರು ನಡುವೆ ಹೆಬ್ಬೆರಳು ಊರಿ ಬಿಡುತ್ತಿದ್ದರು. ಬೆಂದ ರೊಟ್ಟಿಯನ್ನು ತಪ್ಪದೆ ಅವರವರ ಹಲಗೆಗೆ ಹಾಕುವುದು ತಾಮುವಿನ ಕೆಲಸ. ಮೊದಮೊದಲು ದಿನವೂ ತಪ್ಪುತ್ತಿತ್ತಂತೆ, ದಿನವೂ ಯಾರೋ ಒಬ್ಬಳು ಬಂದು ಬಾಗಿಲಲ್ಲಿ ನಿಂತು ಜಗಳ ತೆಗೆಯುತ್ತಿದ್ದಳಂತೆ. ಬೆಂಕಿಯಲ್ಲಿ ಗುರುತು ಗುರುತಾಗಿ ಉಳಿಯುವುದಿಲ್ಲ. ಚುಚ್ಚಿದ್ದು ಮುಚ್ಚಿಕೊಳ್ಳುತ್ತದೆ, ಒತ್ತಿದ್ದು ಉಬ್ಬುತ್ತದೆ, ಎರಡು ಬೇರೆ ಗುರುತು ಬೆಂದು ಒಂದೇ ಆಗಿಬಿಡುತ್ತವೆ.

"ಅಪ್ಪ ಹೇಳಿದ್ರು," ಎಂದಿದ್ದರು ತಾಮು. "ಹಸಿ ಹಿಟ್ಟಲ್ಲಿ ಇರೋದನ್ನ ನೋಡ್ಬೇಡ. ಬೆಂದ ಮೇಲೆ ಅದು ಏನಾಗುತ್ತೆ ಅನ್ನೋದನ್ನ ಹಸಿ ಹಿಟ್ಟಲ್ಲೇ ನೋಡು. ನಾನು ಅತ್ತೆ, ಅದು ಹೇಗಪ್ಪ ಕಾಣುತ್ತೆ ಅಂತ. ಕಾಣುತ್ತೆ, ಸುಮ್ನೆ ನೋಡ್ತಾ ಇರು ಅಂದ್ರು. ಎರಡು ವರ್ಷ ನೋಡಿದೆ. ಆಮೇಲೆ ಒಂದಿನ ಕಂಡುಬಿಡ್ತು."

ಗೆಜೆಟ್ ಅವರಿಗೆ ಹಸಿ ಹಿಟ್ಟಿನ ಹಲಗೆ. ಅಂಗಡಿಯ ಕಪಾಟು ಒಲೆ. ಇಷ್ಟೇ ಅವರ ವಿದ್ಯೆ. ಈ ವಿದ್ಯೆಯಿಂದ ಅವರು ತಮ್ಮ ಸೇವೆಯಲ್ಲಿ ಒಂಬತ್ತು ಗುರುತುಗಳನ್ನು ಹಿಡಿದಿದ್ದರು. ಒಂಬತ್ತನ್ನೂ ಸಿ ಬುಶ್ತಾ ತಡೆದಿದ್ದರು.

ಹತ್ತನೆಯದು ಒಂದು ಬೀಸಣಿಗೆ.

ಆ ದಿನ ಪರದೆ ಎಳೆದು ನಾನು ಹಿಂತಿರುಗಿದಾಗ ತಾಮು ಹಗ್ಗದ ಕೊನೆಯ ಹಾಳೆಯನ್ನೇ ನೋಡುತ್ತಿದ್ದರು. ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಹೋದರು, ಇನ್ನೊಂದು ಹೆಜ್ಜೆ, ಮೆಟ್ಟಿಲವರೆಗೆ. ಅಲ್ಲಿಂದಲೇ ಹೇಳಿದರು. "ಹಕ್ಕಿ ಬಂದಿದೆ."

ನಾನು ಹತ್ತಿರ ಹೋಗಿ ನೋಡಿದೆ. ಹಕ್ಕಿ ಎಲ್ಲೂ ಇರಲಿಲ್ಲ. ಕಪ್ಪುಬಿಳುಪಿನಲ್ಲಿ ಒಂದು ಬೀಸಣಿಗೆ, ಚಹಾಕ್ಕೆ ನೀರು ಕಾಯಿಸುವ ಅಗ್ಗಿಷ್ಟಿಕೆಗೆ ಗಾಳಿ ಹಾಕುವಂಥದ್ದು. ಅದರ ಹಿಡಿ ಓರೆಯಾಗಿತ್ತು. ಹಿಂದೆ ಒಂದು ವೃತ್ತ, ಕೆಂಡದ ರಾಶಿ ಇರಬೇಕು. ಸರಕು ಎಂಬ ಜಾಗದಲ್ಲಿ ಚಹಾ ಎಂದಿತ್ತು. ಅರ್ಜಿದಾರರ ಹೆಸರನ್ನು ಎರಡು ಸಲ ಓದಿದೆ. ಸಿ ಮುಫದ್ದಲ್.

ಸಿ ಮುಫದ್ದಲ್ ನಮ್ಮ ಯಜಮಾನರಿಗೆ ಹಾಲಿನ ತಮ್ಮ. ಸಿ ಬುಶ್ತಾ ಹುಟ್ಟಿದಾಗ ತಾಯಿ ಕಾಯಿಲೆ ಬಿದ್ದರು. ಪಕ್ಕದ ಮನೆಯ ಖನಾತಾ, ರೊಟ್ಟಿಗೆ ಹೆಬ್ಬೆರಳು ಊರುತ್ತಿದ್ದ ಅದೇ ಹಾಜ್ಜಾ, ಇಬ್ಬರನ್ನೂ ಎದೆಗೆ ಹಾಕಿಕೊಂಡು ಹಾಲು ಕುಡಿಸಿದರು, ತಮ್ಮ ಹೊಟ್ಟೆಯ ಮುಫದ್ದಲ್‌ನನ್ನೂ ಪಕ್ಕದ ಮನೆಯ ಬುಶ್ತಾನನ್ನೂ. ಅರವತ್ತೆಂಟು ವರ್ಷವಾದರೂ ಸಿ ಬುಶ್ತಾ ಹಬ್ಬದ ದಿನ ಮೊದಲು ಮುತ್ತಿಡುವುದು ಹಾಜ್ಜಾ ಖನಾತಾ ಅವರ ಕೈಗೇ. ಸಿ ಮುಫದ್ದಲ್ ಮಸಾಲೆ ವ್ಯಾಪಾರದವರು. ಚಹಾಕ್ಕೂ ಕೈ ಹಾಕುತ್ತೇನೆಂದು ಕಳೆದ ಚಳಿಗಾಲದಲ್ಲಿ ಬಂದು ಕೇಳಿದಾಗ, ಅನ್ನ ಕೊಡುವವನು ದೇವರು ಎಂದು ಸಿ ಬುಶ್ತಾ ಅವರೇ ಅಪ್ಪಿಕೊಂಡು ಕಳಿಸಿದ್ದರು.

ಯಜಮಾನರ ಕೋಣೆಯಲ್ಲಿ, ನಮ್ಮ ತಕರಾರುಗಳನ್ನು ಸರ್ಕಾರಕ್ಕೆ ಸಲ್ಲಿಸುವ ವಕೀಲ ಶ್ರಾಯ್ಬಿಯೂ ಇದ್ದರು. ಹಾಳೆ ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಹಕ್ಕಿಗೂ ಬೀಸಣಿಗೆಗೂ ಏನು ಲಲ್ಲಾ ಸಂಬಂಧ? ಒಂದಕ್ಕೆ ಜೀವ ಇದೆ, ಒಂದಕ್ಕಿಲ್ಲ. ಹೆಸರು ಬೇರೆ, ಅಕ್ಷರ ಬೇರೆ. ನಾನು ಇದನ್ನ ತಗೊಂಡು ಹೋದ್ರೆ ಆ ಆಫೀಸ್‌ನೋರು ನನಗೇ ಬೀಸಣಿಗೆ ಹಿಡ್ಕೊಂಡು ಗಾಳಿ ಹಾಕ್ತಾರೆ."

"ಬಣ್ಣ ಬರಲಿ, ಆಮೇಲೆ ನೋಡಿ," ಎಂದರು ತಾಮು. "ಚಹಾ ಅಂದ್ಮೇಲೆ ಹಸಿರು ಬಳಿತಾರೆ. ಕೆಂಡ ಅಂದ್ಮೇಲೆ ಕೆಂಪು ಬಳಿತಾರೆ. ಹಸಿರಲ್ಲಿ ಕೆಂಪು ಗುಂಡು, ಗುಂಡಿನ ಮುಂದೆ ಓರೆ ಗೀಟು, ಗೀಟಿನ ಮೇಲೆ ಬಿಚ್ಚಿದ ಜುಟ್ಟು. ಮೂರು ಮಾರು ದೂರದಲ್ಲಿ, ಅಂಗಡಿ ಕತ್ತಲಲ್ಲಿ, ಅದು ನಮ್ಮ ಹಕ್ಕಿ."

"ಯಾರಿಗೆ? ಕುರುಡರಿಗಾ?"

"ಅಲ್ಲ. ನಲವತ್ತು ವರ್ಷದಿಂದ ಅದನ್ನೇ ಕುಡೀತಾ ಇರೋರಿಗೆ. ಹೊಸಬರು ಎಚ್ಚರವಾಗಿ ನೋಡ್ತಾರೆ, ಅವರು ಮೋಸ ಹೋಗಲ್ಲ. ನಂಬಿದೋರು ನೋಡೋದೇ ಇಲ್ಲ. ಕೈ ಚಾಚ್ತಾರೆ, ಅಷ್ಟೇ."

ಸಿ ಬುಶ್ತಾ ಇಷ್ಟು ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. "ತಾಮು, ಒಂದೇ ಎದೆ ಹಾಲು ಕುಡಿದವನ ಮೇಲೆ ನಾನು ಸರ್ಕಾರಕ್ಕೆ ದೂರು ಕೊಡ್ಲಾ? ಮುಫದ್ದಲ್ ಕಳ್ಳ ಅಂತ ಬರೆದು ಸಹಿ ಹಾಕ್ಲಾ?"

"ಕಳ್ಳ ಅಂತ ನಾನು ಹೇಳ್ಲಿಲ್ಲ ಸಿ ಬುಶ್ತಾ. ಅವರಿಗೆ ಗೊತ್ತೇ ಇಲ್ಲ. ಅವರು ಬೀಸಣಿಗೆನೇ ಬರೆಸಿದ್ದಾರೆ."

"ಕಾಗದದಲ್ಲಿ ಅದೆಲ್ಲ ಇರಲ್ಲ. ನಾಳೆ ಹಾಜ್ಜಾ ಮುಂದೆ ಹೇಗೆ ನಿಲ್ಲಲಿ ನಾನು?" ಅವರ ದನಿ ತಗ್ಗಿತು. "ಮೂವತ್ತೊಂದು ವರ್ಷ ನೋಡಿ ನೋಡಿ ನಿನ್ನ ಕಣ್ಣೂ ದಣಿದಿದೆ. ಎಲ್ಲ ಕಡೆ ಹಕ್ಕಿನೇ ಕಾಣ್ತಾ ಇದೆ ನಿನಗೆ. ವಯಸ್ಸಾಯ್ತು, ತಪ್ಪೇನಿಲ್ಲ."

ತಾಮು ಹಾಳೆಯನ್ನು ನಾಲ್ಕಾಗಿ ಮಡಿಚಿ ಎದೆಯ ಬಳಿ ಇಟ್ಟುಕೊಂಡರು. ಆಮೇಲಿನ ವಾರಗಳಲ್ಲಿ ಅವರು ಹಗ್ಗ ಕಟ್ಟಿದರು, ಹಾಳೆ ತೂಗಿದರು, ಎಂದಿನಂತೆಯೇ. ಆದರೆ ಒಂದೊಂದು ಹಾಳೆಯ ಮುಂದೆ ಎರಡೆರಡು ಸಲ ನಿಲ್ಲುತ್ತಿದ್ದರು. ಒಮ್ಮೆ ನನ್ನನ್ನು ಕರೆದು, "ಇದು ಒಂಟೆ ತಾನೇ?" ಎಂದು ಕೇಳಿದರು. ಅದು ಒಂಟೆಯೇ ಆಗಿತ್ತು. ಅಂಥ ಪ್ರಶ್ನೆಯನ್ನು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

ಐವತ್ತನಾಲ್ಕು ದಿನ ಕಳೆದವು. ಉಳಿದದ್ದು ಆರು. ಅಂದು ತಾಮು ಮತ್ತೆ ಯಜಮಾನರ ಕೋಣೆಯ ಬಾಗಿಲಲ್ಲಿ ನಿಂತರು.

"ಹಾಜ್ಜಾ ಖನಾತಾನ ನೋಡಿ ಬಹಳ ದಿನ ಆಯ್ತು. ನಮ್ಮ ಒಲೆಗೆ ಅವರ ಮನೆ ರೊಟ್ಟಿ ಬರ್ತಿತ್ತು. ಹೋಗಿ ಬರ್ಲಾ?"

ಸಿ ಬುಶ್ತಾ ತಾಮುವನ್ನೇ ನೋಡಿದರು. "ಹೋಗು. ಆದ್ರೆ ನನ್ನ ಹೆಸರಲ್ಲಿ ಏನೂ ಕೇಳೋ ಹಾಗಿಲ್ಲ. ಬೀಸಣಿಗೆ ಬಿಡು ಅಂತ ನಿನ್ನ ಬಾಯಿಂದ ಒಂದು ಮಾತು ಬಂದ್ರೆ ನನ್ನ ಬಾಯಿಂದ ಬಂದ ಹಾಗೇನೇ. ಕೇಳಿಸ್ತಾ?"

"ಕೇಳಿಸ್ತು."

ನನ್ನನ್ನೂ ಕರೆದುಕೊಂಡು ಹೋದರು. ದಾರಿಯಲ್ಲಿ ನೀಲಿ ಕಾಗದ ಸುತ್ತಿದ ಒಂದು ಸಕ್ಕರೆ ದಿಂಡು ಕೊಂಡು ನನ್ನ ಕೈಗೆ ಕೊಟ್ಟರು, ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. "ಅಲ್ಲಿ ಏನು ಹೇಳ್ತೀರಿ?" ಎಂದೆ. "ಏನೂ ಹೇಳೋ ಹಾಗಿಲ್ಲವಲ್ಲ," ಎಂದರು. "ನಾನು ಸರಿಯಾ ಅನ್ನೋದು ನನಗೆ ಗೊತ್ತಾಗ್ಬೇಕು ಇತಿಮಾದ್. ತಪ್ಪಾಗಿದ್ರೆ ನಾಳೆಯಿಂದ ಆ ಹಗ್ಗ ಬಿಚ್ಚಿಬಿಡ್ತೀನಿ."

ಸಿ ಮುಫದ್ದಲ್ ಅವರ ಮನೆ ಹಬೂಸ್ ಬಡಾವಣೆಯಲ್ಲಿ, ಕಮಾನುಗಳ ಬೀದಿಯ ಹಿಂದೆ. ಬಾಗಿಲು ತೆಗೆದವರು ಅವರೇ. ದಪ್ಪ ಮೈ, ಬಾಯ್ತುಂಬ ನಗೆ, ಮೈಯೆಲ್ಲ ಜೀರಿಗೆಯ ಘಮ.

"ಓಹೋ, ಲಲ್ಲಾ ತಾಮು. ನಮ್ಮನೇಲೂ ಪತ್ತೇದಾರಿಕೆ ಮಾಡೋಕೆ ಬಂದ್ರಾ?"

"ಹಳೇ ಒಲೆಯವಳಲ್ವಾ ಸಿ ಮುಫದ್ದಲ್. ನಿಮ್ಮ ರೊಟ್ಟಿ ಯಾರ ಮನೆಗೂ ಹೋಗಿಲ್ಲ ತಾನೇ ಅಂತ ನೋಡ್ಕೊಂಡು ಹೋಗೋಣ ಅಂತ."

"ನಮ್ಮ ರೊಟ್ಟಿ ನಮ್ಮ ಹೊಟ್ಟೇಲೇ ಇದೆ, ನೋಡಿ," ಎಂದು ಹೊಟ್ಟೆ ತಟ್ಟಿಕೊಂಡು ಒಳಗೆ ಕೂರಿಸಿದರು. ಗೋಡೆಯುದ್ದಕ್ಕೂ ಮೆತ್ತನೆಯ ದಿವಾನ. ಅಮ್ಮ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬರುತ್ತಾರೆ, ಅಲ್ಲಿಯವರೆಗೆ ಇದನ್ನು ನೋಡಿ ಎಂದು, ಕೇಳದೆಯೇ ಒಳಗಿಂದ ಒಂದು ಪೊಟ್ಟಣ ತಂದರು. "ಮೊದಲ ಅಚ್ಚು. ಮೂವತ್ತೇ ಮೂವತ್ತು ಹಾಕ್ಸಿದ್ದೀನಿ. ಅಣ್ಣ ಬುಶ್ತಾಗೆ ಮೊದಲನೇದು ನಾನೇ ಕೊಡ್ಬೇಕು ಅಂತಿದ್ದೀನಿ. ಹೇಗಿದೆ ಹೇಳಿ. ನಿಮ್ಮ ಕಣ್ಣು ಊರಿಗೇ ಗೊತ್ತು."

ನಾನು ನೋಡಿದೆ. ಕೈಯಲ್ಲಿದ್ದ ಸಕ್ಕರೆ ದಿಂಡು ಭಾರವಾಯಿತು. ಹಸಿರು ಪೊಟ್ಟಣ. ಕೆಂಪು ವೃತ್ತ. ಓರೆ ಹಿಡಿ. ಎರಡು ತಿಂಗಳ ಹಿಂದೆ ಕಪ್ಪುಬಿಳುಪಿನ ಹಾಳೆಯ ಮುಂದೆ ನಿಂತು ತಾಮು ಹೇಳಿದ ಬಣ್ಣಗಳು ಹೇಳಿದ ಜಾಗದಲ್ಲೇ ಕೂತಿದ್ದವು. ಆದರೂ, ಹತ್ತಿರದಿಂದ, ಅದು ಬೀಸಣಿಗೆಯೇ. ಅದರ ಹುಲ್ಲಿನ ಹೆಣಿಗೆ ಕೂಡ ಎಣಿಸುವಷ್ಟು ಸ್ಪಷ್ಟವಾಗಿತ್ತು. ಈ ಮನುಷ್ಯ ಏನನ್ನೂ ಕದ್ದಿರಲಿಲ್ಲ.

ತಾಮು ಪೊಟ್ಟಣವನ್ನು ಮುಟ್ಟಲಿಲ್ಲ. "ಚೆನ್ನಾಗಿದೆ. ಆದ್ರೆ ಕೈಯಲ್ಲಿ ಹಿಡ್ಕೊಂಡು ನೋಡಿದ್ರೆ ಗೊತ್ತಾಗಲ್ಲ. ಅಲ್ಲಿ, ಆ ಬಾಗಿಲ ಪಕ್ಕದ ಗೂಡಲ್ಲಿ ಇಡಿ. ಅಂಗಡೀಲಿ ಇಟ್ಟ ಹಾಗೆ."

ಅವರು ಖುಷಿಯಿಂದ ಇಟ್ಟರು. ಗೂಡಿನ ಬಳಿ ಬೆಳಕು ಕಡಿಮೆ. ತಾಮು ಎದುರು ತುದಿಯಲ್ಲಿ ಕೂತು ಅದರ ಕಡೆ ನೋಡಲೇ ಇಲ್ಲ. ತಮ್ಮ ಅಂಗೈ ನೋಡುತ್ತಾ ಕೂತರು.

ಹಾಜ್ಜಾ ಖನಾತಾ ಗೋಡೆ ಹಿಡಿದುಕೊಂಡು ಬಂದರು. ತೊಂಬತ್ತರ ಹತ್ತಿರದ ಪುಟ್ಟ ಮೈ, ಬಿಳಿ ಮುಸುಕು. ಸಿ ಮುಫದ್ದಲ್ ಎದ್ದು ಕೈ ಹಿಡಿಯಲು ಹೋದರೆ, "ಬಿಡೋ, ನನ್ನ ಮನೇಲಿ ನಾನು ದಾರಿ ತಪ್ತೀನಾ?" ಎಂದು ಗದರಿದರು. ತಾಮು ಅವರ ಕೈಗೂ ಹೆಗಲಿಗೂ ಮುತ್ತಿಟ್ಟರು. "ಒಲೆಯವನ ಮಗಳಲ್ವಾ ನೀನು? ಸೊರಗಿದ್ದೀಯ. ಬುಶ್ತಾ ನಿನಗೆ ಊಟ ಹಾಕ್ತಾನೋ ಇಲ್ವೋ?" ಎನ್ನುತ್ತಾ ಚಹಾ ತಬಕಿನ ಮುಂದೆ ಕೂತರು. ಆ ಮನೆಯಲ್ಲಿ ಚಹಾ ಮಾಡುವ ಹಕ್ಕು ಅವರೊಬ್ಬರದೇ. ಕೈಯಾಡಿಸಿ ಚಹಾದ ಡಬ್ಬಿ ತೆರೆದರು, ಅಲ್ಲಾಡಿಸಿದರು, ತಳದಲ್ಲಿ ಪುಡಿ ಮಾತ್ರ ಇತ್ತು.

"ಚಹಾ ಮುಗಿದಿದೆ," ಎಂದು ತಲೆಯೆತ್ತಿ ಒಂದು ಸಲ ಸುತ್ತ ನೋಡಿದರು. ಅವರ ದೃಷ್ಟಿ ಗೂಡಿನ ಮೇಲೆ ಒಂದು ಕ್ಷಣ ನಿಂತು ಮುಂದೆ ಸರಿಯಿತು. ಅವರು ನೋಡಲಿಲ್ಲ. ಕೈ ಚಾಚಿದರು. "ಅಲ್ಲಿದೆಯಲ್ಲ ಹಕ್ಕಿ, ಅದನ್ನ ಕೊಡು. ಬುಶ್ತಾ ಯಾವಾಗ ಕಳಿಸ್ದ? ನನಗೆ ಯಾರೂ ಹೇಳ್ಲೇ ಇಲ್ಲ."

ಸಿ ಮುಫದ್ದಲ್ ಅವರ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಮನೆಯವರು ಊರಿಗೆ ಹೋದ ಮೇಲೂ ಉರಿಯುತ್ತಿರುವ ದೀಪದಂತೆ. ಅವರು ತಾಮುವಿನ ಕಡೆ ನೋಡಿದರು. ತಾಮು ತಲೆ ಎತ್ತಲಿಲ್ಲ.

"ಅಮ್ಮಾ, ಅದು..." ಎಂದು ಶುರು ಮಾಡಿ ಸಿ ಮುಫದ್ದಲ್ ನಿಲ್ಲಿಸಿದರು. ಎದ್ದು ಹೋಗಿ ಪೊಟ್ಟಣ ತಂದು ತಾಯಿಯ ಕೈಗಿಟ್ಟರು. ಹಾಜ್ಜಾ ಅದನ್ನು ಹಲ್ಲಿನಿಂದ ಕಚ್ಚಿ ಹರಿದರು.

ಅವರು ಚಹಾ ಮಾಡುವುದನ್ನು ನಾವು ನೋಡುತ್ತಾ ಕೂತೆವು. ಒಂದು ಹಿಡಿ ಎಲೆ, ಒಂದು ಲೋಟ ಕುದಿನೀರು, ಆ ಮೊದಲ ನೀರನ್ನು ಲೋಟಕ್ಕೆ ಬಸಿದು ಪಕ್ಕಕ್ಕಿಟ್ಟರು, ಅದು ಚಹಾದ ಜೀವ. ಇನ್ನೊಮ್ಮೆ ನೀರು ಹಾಕಿ ಕುಲುಕಿ ಚೆಲ್ಲಿದರು, ಅದು ಕೊಳೆ. ಮತ್ತೆ ಜೀವವನ್ನು ಕೆಟಲಿಗೆ ಸುರಿದು, ಪುದೀನ ತುರುಕಿ, ನಾವು ತಂದ ದಿಂಡಿನಿಂದ ಪುಟ್ಟ ತಾಮ್ರದ ಸುತ್ತಿಗೆಯಲ್ಲಿ ಸಕ್ಕರೆ ಒಡೆದು ಹಾಕಿದರು. ಕೈ ಎತ್ತರಕ್ಕೆ ಹೋಯಿತು, ಚಹಾ ನೂಲಿನಂತೆ ಇಳಿದು ಲೋಟದಲ್ಲಿ ನೊರೆಯಾಯಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ.

ಮೊದಲ ಗುಟುಕು ಅವರೇ ಕುಡಿದರು. ಲೋಟ ಕೆಳಗಿಟ್ಟರು. ಇನ್ನೊಮ್ಮೆ ಎತ್ತಿ ಕುಡಿದರು.

"ಮುಫದ್ದಲ್," ಎಂದರು, ಮೆಲ್ಲಗೆ. "ಬುಶ್ತಾ ವ್ಯಾಪಾರ ಹೇಗಿದೆ?"

"ಚೆನ್ನಾಗಿದೆ ಅಮ್ಮಾ. ಯಾಕೆ?"

"ಚೆನ್ನಾಗಿಲ್ಲ. ನನ್ನ ಹತ್ರ ಮುಚ್ಚಿಡ್ಬೇಡ. ಚೆನ್ನಾಗಿದ್ರೆ ನನಗೆ ಇಂಥ ಚಹಾ ಕಳಿಸ್ತಿರ್ಲಿಲ್ಲ ಅವನು. ಏನೋ ಕಷ್ಟದಲ್ಲಿದ್ದಾನೆ." ಅವರ ಬೆರಳು ಲೋಟದ ಅಂಚಿನ ಸುತ್ತ ಓಡಾಡುತ್ತಿತ್ತು. "ಅವನಿಗೆ ಏನೂ ಅನ್ಬೇಡ, ಆಯ್ತಾ? ಕೇಳಿದ್ರೆ ಅಮ್ಮನಿಗೆ ತುಂಬಾ ಹಿಡಿಸ್ತು ಅನ್ನು. ಇನ್ನೊಂದು ಸಲ ತರೋವಾಗ ಬೇರೆ ಯಾವುದಾದ್ರೂ ತಂದ್ಬಿಡು. ಅವನಿಗೆ ಗೊತ್ತಾಗೋದು ಬೇಡ."

ಸಿ ಮುಫದ್ದಲ್ ಎದ್ದು ಅಂಗಳಕ್ಕೆ ಹೋದರು. ಅಲ್ಲಿ ನಿಂಬೆಯ ಗಿಡದ ಹತ್ತಿರ ಬೆನ್ನು ಮಾಡಿ ನಿಂತಿದ್ದು ನನಗೆ ಕಾಣುತ್ತಿತ್ತು. ಒಳಗೆ ಹಾಜ್ಜಾ ನಮಗೂ ಲೋಟ ಕೊಟ್ಟು, ತಾಮುವಿನ ತಂದೆಯ ಒಲೆಯ ಬಗ್ಗೆ, ಆ ಬೀದಿಯಲ್ಲಿ ಈಗ ಯಾರಿದ್ದಾರೆ ಎನ್ನುವುದರ ಬಗ್ಗೆ ಕೇಳಿದರು. ತಾಮು ಒಂದೊಂದಕ್ಕೂ ಉತ್ತರ ಕೊಟ್ಟರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಎಂದಿನಂತೆ ಇತ್ತು. ತಾವು ಸರಿ ಎಂದು ತಿಳಿದ ಘಳಿಗೆಯಲ್ಲಿ ಮನುಷ್ಯರು ಗೆದ್ದವರಂತೆ ಕಾಣುವುದನ್ನು ನಾನು ಕೋರ್ಟುಗಳಲ್ಲಿ ನೋಡಿದ್ದೇನೆ. ಅಂದು ತಾಮು ಹಾಗೆ ಕಾಣಲಿಲ್ಲ. ಹೆದರಿದವರಂತೆ ಕಂಡರು, ತಾವು ಕಂಡದ್ದು ಇಷ್ಟು ದೂರ ಹೋಗುತ್ತದೆಂದು ಅವರಿಗೂ ತಿಳಿದಿರಲಿಲ್ಲವೇನೋ. ಬಣ್ಣ ಅವರಿಗೆ ಕಂಡಿತ್ತು, ಚಾಚುವ ಕೈ ಕಂಡಿತ್ತು. ಆ ಕೈ, ಕೆಟ್ಟ ಚಹಾ ಕುಡಿದ ಮೇಲೆ, ಕೋಪ ಮಾಡಿಕೊಳ್ಳದೆ, ದೂರದೆ, ಪ್ರೀತಿಯಿಂದಲೇ ಹಕ್ಕಿಯನ್ನು ಬಿಟ್ಟುಬಿಡುತ್ತದೆ ಎಂಬುದು ಮಾತ್ರ ಯಾರಿಗೂ ಕಂಡಿರಲಿಲ್ಲ. ಅಂಥ ಕೈಗಳು ಈ ದೇಶದಲ್ಲಿ ಎಷ್ಟು ಸಾವಿರವೋ.

ಸಿ ಮುಫದ್ದಲ್ ಹಿಂದಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದರು. ತಾಮುವಿನ ಎದುರು ಕೂತರು.

"ಅಣ್ಣ ಕಳಿಸಿದ್ನಾ ನಿಮ್ಮನ್ನ?"

"ಇಲ್ಲ ಸಿ ಮುಫದ್ದಲ್. ಏನೂ ಕೇಳ್ಬಾರ್ದು ಅಂತ ಹೇಳಿ ಬಿಟ್ರು. ನಾನು ಏನೂ ಕೇಳಿಲ್ಲ."

"ಕೇಳಿಲ್ಲ, ಹೌದು." ಅವರು ನಗಲು ನೋಡಿದರು. "ತಕರಾರು ಹಾಕೋಕೆ ಇನ್ನೂ ಎಷ್ಟು ದಿನ ಇದೆ?"

"ಆರು."

"ಆ ಆರು ದಿನಾನೂ ಅವನು ಸುಮ್ನೆ ಕೂತು ಹಕ್ಕೀನ ಹೋಗೋಕೆ ಬಿಡ್ತಿದ್ನಾ? ನನಗೋಸ್ಕರ?"

ತಾಮು ಹೌದೆಂದು ತಲೆಯಾಡಿಸಿದರು.

"ಕತ್ತೆ," ಎಂದರು ಸಿ ಮುಫದ್ದಲ್. ಅಣ್ಣನನ್ನೋ ತಮ್ಮನ್ನೋ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನೀನು ಕಾನೂನು ಓದಿದವಳಲ್ವಾ ಮಗಳೇ? ಅರ್ಜಿ ವಾಪಸ್ ತಗೋಳೋಕೆ ಹೇಗೆ ಬರೀಬೇಕು? ಈಗಲೇ ಬರಿ, ಸಹಿ ಹಾಕ್ತೀನಿ. ಒಂದು ಪ್ರತಿ ಅಣ್ಣನಿಗೆ" ಎಂದರು.

ನಾನು ಚೀಲದಿಂದ ಕಾಗದ ತೆಗೆದೆ. ತಬಕಿನ ಅಂಚಿನ ಮೇಲೆ ಇಟ್ಟುಕೊಂಡು ಬರೆಯತೊಡಗಿದೆ. ಇಷ್ಟನೆಯ ಸಂಖ್ಯೆಯ ಅರ್ಜಿ, ಇಂಥ ದಿನ ಪ್ರಕಟವಾದದ್ದು, ಬೀಸಣಿಗೆಯ ಚಿತ್ರ. ಲೇಖನಿ ಗೀಚುವ ಸದ್ದು ಕೇಳಿ ಹಾಜ್ಜಾ ಮುಖ ಎತ್ತಿದರು.

"ಏನು ಬರೀತಿದೆ ಆ ಹುಡುಗಿ?"

"ಬುಶ್ತಾಗೆ ಒಂದು ಕಾಗದ ಅಮ್ಮಾ," ಎಂದರು ಸಿ ಮುಫದ್ದಲ್.

"ಚಹಾ ಚೆನ್ನಾಗಿತ್ತು ಅಂತ ಬರೆಸು."

ಅವರು ತಾಯಿಯ ಲೋಟವನ್ನು ತೆಗೆದು, ಅದರಲ್ಲಿ ಉಳಿದಿದ್ದ ಚಹಾವನ್ನು ತಾವೇ ಕುಡಿದು ಮುಗಿಸಿದರು.

"ಅದನ್ನೇ ಬರೆಸ್ತಾ ಇದ್ದೀನಿ ಅಮ್ಮಾ."